ರಕ್ತದಲ್ಲಿ ಬಂದ ಕಾಮಾಲೆ

ಹೈದರಾಬಾದಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಊರ ಕಡೆಯಿಂದ ಆಸ್ಪತ್ರೆಗೆಂದು ಬರುವವರನ್ನು ಇಳಿಸಿಕೊಳ್ಳುವುದು. ರಾಯಚೂರು, ಗುಲ್ಬರ್ಗಾ, ಬೀದರಗಳು 1956ರವರೆಗೆ ಈ ಊರಿನ ಸಂಸ್ಥಾನಕ್ಕೇ ಸೇರಿದ್ದವು. ರಾಜ್ಯಗಳ ಗಡಿ ಬದಲಾದರೂ ರೋಗಿಗಳ ದಾರಿ ಬದಲಾಗಲಿಲ್ಲ. ಅಜ್ಜನ ಕಾಲದವರು ಮೂಸಿ ದಡದ ಉಸ್ಮಾನಿಯಾ ಆಸ್ಪತ್ರೆಗೆ ಬಂದಂತೆ ಈಗಿನವರು ಬೇರೆ ಬೇರೆ ದೊಡ್ಡ ಆಸ್ಪತ್ರೆಗಳಿಗೆ ಬರುತ್ತಾರೆ. ಕೈಯಲ್ಲಿ ಎಕ್ಸ್‌ರೇ ಲಕೋಟೆ, ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಮಂಡಲಿಯ ಯಾವ ಮನೆಯಲ್ಲಿ ವಿಚಾರಿಸಿದರೂ ಇದೇ ಕಥೆ.

ಹೀಗೆ 2009ರಲ್ಲಿ ನಮ್ಮ ಸೋದರಮಾವನವರು ಬಂದಿಳಿದರು. ಮಾನ್ವಿ ತಾಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟರಾಗಿ ನಿವೃತ್ತರಾದವರು, ಚಹಾ ಕೂಡ ಮುಟ್ಟದವರು. ಕಣ್ಣಿನ ಪೊರೆ ತೆಗೆಸಲೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಸಿ ಎಂದು ಬಂದಿತ್ತು. ದೊಡ್ಡ ಡಾಕ್ಟರರ ಬಳಿಗೆ ಹೋಗುವ ಮೊದಲು ಕೌಂಟರಿನ ಹುಡುಗನೊಬ್ಬ ಅರ್ಜಿ ತುಂಬಿಸಿಕೊಳ್ಳುತ್ತ, ಅಷ್ಟು ಜನರ ಎದುರಿಗೆ, ಅಮಲಿನ ಸೂಜಿ ಚುಚ್ಚಿಕೊಳ್ಳುವ ಚಟವಿತ್ತೇ ಎಂದು ಕೇಳಿಬಿಟ್ಟ. ಮಾವನವರ ಮುಖ ಕೆಂಪಗಾಯಿತು. ಆ ದಿನ ರಾತ್ರಿ ಊಟ ಮಾಡಲಿಲ್ಲ.

ಆ ಹುಡುಗ ಕೇಳಿದ್ದರಲ್ಲಿ ವೈದ್ಯಶಾಸ್ತ್ರದ ತಪ್ಪೇನೂ ಇರಲಿಲ್ಲ. ಆದರೆ ಎರಡನೆಯ ಪ್ರಶ್ನೆಯನ್ನು ಅವನು ಕೇಳಲೇ ಇಲ್ಲ: ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದಿರಾ? 1986ರಲ್ಲಿ ಹೊಟ್ಟೆಹುಣ್ಣು ಒಡೆದು ಜಿಲ್ಲಾಸ್ಥಳದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆದಾಗ ಮಾವನವರಿಗೆ ಮೂರು ಬಾಟಲಿ ರಕ್ತ ಕೊಡಿಸಿದ್ದರು. ಯಾರದೋ ದುಡ್ಡಿಗೆ ಮಾರಿದ ರಕ್ತ. ಅದರಲ್ಲಿ ಏನಿತ್ತೆಂದು ನೋಡುವ ಪರೀಕ್ಷೆ ಆ ವರ್ಷ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ.

ಈ ಲೇಖನಕ್ಕೆ ಮೂಲ ಅದೇ. ಸರ್ಕಾರಿ ಗುಮಾಸ್ತರಾದ ನಮಗೆ ವೈದ್ಯರ ವಿಷಯದಲ್ಲಿ ಮೂಗು ತೂರಿಸುವ ಅಧಿಕಾರವಿಲ್ಲ ಎಂದು ಓದುಗರು ಹೇಳಬಹುದು. ಬಿ.ಎಸ್ಸಿ. ಮಾಡಿದವರೆಂಬ ಸಣ್ಣ ಜಂಬವೊಂದಿದೆ. ಜೊತೆಗೆ ನೌಕರರ ಔಷಧದ ಬಿಲ್ಲುಗಳು ವರ್ಷಗಟ್ಟಲೆ ನಮ್ಮ ಮೇಜಿನ ಮೇಲೆ ಹಾದುಹೋಗಿವೆ. ಬಿಲ್ಲುಗಳಲ್ಲಿಯೂ ಒಂದು ಚರಿತ್ರೆ ಇರುತ್ತದೆ.

ಕಾಮಾಲೆಗೆ ನಮ್ಮ ಊರುಗಳಲ್ಲಿ ಕಾಮಣಿ ಎನ್ನುತ್ತಾರೆ. ಕಣ್ಣು ಹಳದಿಯಾದರೆ ನೆಲನೆಲ್ಲಿಯ ರಸ, ಉಪ್ಪು ಎಣ್ಣೆ ಇಲ್ಲದ ಪಥ್ಯ, ಮಂತ್ರ ಹಾಕುವವರ ಮನೆ. ಬಹುಮಂದಿಗೆ ತಾನಾಗಿಯೇ ಇಳಿಯುತ್ತಿದ್ದುದರಿಂದ ಕೀರ್ತಿ ಔಷಧಿ ಕೊಟ್ಟವರಿಗೆ ಹೋಗುತ್ತಿತ್ತು. ಇಳಿಯುವ ಕಾಮಾಲೆ ಹೆಚ್ಚಾಗಿ ನೀರಿನಿಂದ ಬರುವುದು. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಯಮುನೆಯ ಪ್ರವಾಹದ ಹೊಲಸು ಸೇರಿ 29 ಸಾವಿರಕ್ಕೂ ಮೇಲ್ಪಟ್ಟು ಜನ ಹಳದಿಯಾದರು. ಅದು ಇ ಎಂಬ ವೈರಸ್ಸಿನದು ಎಂದು ತಿಳಿಯಲು ಎಷ್ಟೋ ವರ್ಷ ಹಿಡಿಯಿತು. ಆ ಕಥೆ ಬೇರೆ. ಇಲ್ಲಿ ನಮಗೆ ಬೇಕಾದದ್ದು ಸೂಜಿಯ ಮೊನೆಯಿಂದ ಬರುವ ಕಾಮಾಲೆ.

ಅದರ ಮೊದಲ ಗುರುತು ಜರ್ಮನಿಯ ಬ್ರೆಮೆನ್ ಬಂದರಿನಲ್ಲಿದೆ. 1883ರಲ್ಲಿ ಅಲ್ಲಿನ ಹಡಗುಕಟ್ಟೆಯ 1289 ಕೆಲಸಗಾರರಿಗೆ ಸಿಡುಬಿನ ದೇವಿ ಹಾಕಿದರು. ಆ ಕಾಲದ ಮದ್ದು ಮನುಷ್ಯರ ಮೈಯಿಂದಲೇ ತೆಗೆದ ಕೀವುನೀರು. ತಿಂಗಳುಗಳು ಕಳೆದಮೇಲೆ ಅವರಲ್ಲಿ 191 ಮಂದಿಗೆ ಕಾಮಾಲೆ ಹತ್ತಿತು. ಬೇರೆ ಮದ್ದು ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ. ಲೂರ್ಮನ್ ಎಂಬ ವೈದ್ಯ ಇದನ್ನು ತಾಳೆ ಹಾಕಿ 1885ರಲ್ಲಿ ಬರೆದಿಟ್ಟ, ಆದರೆ ಯಾರೂ ಕಿವಿಗೊಡಲಿಲ್ಲ. 1942ರಲ್ಲಿ ಅಮೆರಿಕದ ಸೈನಿಕರಿಗೆ ಹಳದಿ ಜ್ವರದ ಲಸಿಕೆ ಕೊಟ್ಟಾಗ, ಲಸಿಕೆ ಕೆಡದಿರಲೆಂದು ಬೆರೆಸಿದ್ದ ಮನುಷ್ಯರ ರಕ್ತದ್ರವದಿಂದ ಸುಮಾರು 50 ಸಾವಿರ ಮಂದಿ ಕಾಮಾಲೆಯಿಂದ ಮಲಗಿದರು. ಆಗ ಕಣ್ಣು ತೆರೆಯಿತು. 1947ರಲ್ಲಿ ಇಂಗ್ಲೆಂಡಿನ ಮೆಕಲಮ್ ನೀರಿನದಕ್ಕೆ ಎ ಎಂದೂ ರಕ್ತದ್ದಕ್ಕೆ ಬಿ ಎಂದೂ ಹೆಸರಿಟ್ಟ.

ಸೂಜಿಯ ಹುಟ್ಟಿನಲ್ಲೇ ಅಫೀಮಿನ ನಂಟಿದೆ. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಎಂಬ ವೈದ್ಯ ಟೊಳ್ಳು ಸೂಜಿಯ ಪಿಚಕಾರಿಯನ್ನು ಮೊದಲು ಬಳಸಿದ್ದು ನರದ ನೋವಿಗೆ ಮಾರ್ಫಿನ್ ಏರಿಸಲಿಕ್ಕೆ. ಬಾಯಿಗೆ ಕೊಡುವ ಬದಲು ಸೂಜಿಯಿಂದ ಕೊಟ್ಟರೆ ಚಟ ಹತ್ತುವುದಿಲ್ಲವೆಂದು ಆ ಕಾಲದ ಹಲವು ವೈದ್ಯರು ನಂಬಿದ್ದರಂತೆ! ಅದೇ ಪಿಚಕಾರಿ ಮುಂದೆ ಪ್ರತಿಯೊಂದು ಊರಿನ ಡಾಕ್ಟರರ ಚೀಲಕ್ಕೂ ಬಂತು. ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಸ್ಪಿರಿಟ್ ಒಲೆಯ ಮೇಲೆ ತಟ್ಟೆ, ಅದರಲ್ಲಿ ಕುದಿಯುವ ನೀರು, ಗಾಜಿನ ಸಿರಿಂಜು, ಎರಡೇ ಸೂಜಿ. ಸಾಲಿನಲ್ಲಿ ಮೂವತ್ತು ಜನ. ಒಬ್ಬರಿಗೂ ಮತ್ತೊಬ್ಬರಿಗೂ ನಡುವೆ ನೀರು ಎಷ್ಟು ಹೊತ್ತು ಕುದಿಯಿತೆಂದು ಯಾರು ಲೆಕ್ಕವಿಟ್ಟರು? ಈಜಿಪ್ಟಿನಲ್ಲಿ ಇದೇ ಸಂಗತಿ ಇಡೀ ದೇಶದ ಗಾತ್ರಕ್ಕೆ ಬೆಳೆಯಿತು. ಅಲ್ಲಿನ ಹೊಲಗಳ ಕಾಲುವೆ ನೀರಿನಿಂದ ಹತ್ತುವ ಹುಳುರೋಗಕ್ಕೆ 1950ರ ದಶಕದಿಂದ 1980ರ ದಶಕದವರೆಗೆ ಹಳ್ಳಿ ಹಳ್ಳಿಗೆ ಹೋಗಿ ಸೂಜಿಮದ್ದು ಕೊಟ್ಟರು. ಉದ್ದೇಶ ಒಳ್ಳೆಯದೇ. ಸರಿಯಾಗಿ ಕುದಿಸದ ಸಿರಿಂಜುಗಳಿಂದ ಒಂದು ತಲೆಮಾರಿನ ರೈತರಿಗೆ ಹೆಪಟೈಟಿಸ್ ಸಿ ಹರಡಿತು. ಅದೇ ಈಜಿಪ್ಟು ಮುಂದೆ ಕೋಟಿಗಟ್ಟಲೆ ಜನರನ್ನು ಪರೀಕ್ಷಿಸಿ, ಸ್ವಂತ ಕಾರ್ಖಾನೆಗಳ ಮಾತ್ರೆ ಕೊಟ್ಟು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೆಚ್ಚುಗೆ ಪಡೆಯಿತು.

ಈಗ ರಕ್ತದ ಗುರುತುಗಳ ವಿಚಾರ. ಶತ್ರು ಮೈಯೊಳಗೆ ಬಂದಾಗ ಅದಕ್ಕೆ ಎದುರಾಗಿ ಮೈ ತಯಾರಿಸುವ ವಸ್ತುವಿಗೆ ಪ್ರತಿಕಾಯ ಎನ್ನುತ್ತಾರೆ. ವಿಜ್ಞಾನಿಗಳು ರಕ್ತದ ಕಾಮಾಲೆಯ ವೈರಸ್ಸುಗಳನ್ನು ಹಿಡಿದದ್ದು ಹೆಚ್ಚಾಗಿ ಇವುಗಳ ಜಾಡು ಹಿಡಿದೇ. ಅಮೆರಿಕದ ಬರೂಕ್ ಬ್ಲಂಬರ್ಗ್ ಹುಡುಕಿದ್ದು ಕಾಮಾಲೆಯನ್ನಲ್ಲ. ಬೇರೆ ಬೇರೆ ಜನಾಂಗಗಳ ರಕ್ತದಲ್ಲಿ ಹುಟ್ಟಿನಿಂದ ಬರುವ ವ್ಯತ್ಯಾಸಗಳೇನು ಎಂದು ನೋಡುತ್ತಿದ್ದ. ಹಲವು ಸಲ ರಕ್ತ ಪಡೆದಿದ್ದ ಒಬ್ಬ ಹೀಮೋಫಿಲಿಯಾ ರೋಗಿಯ ರಕ್ತದ್ರವವು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬನ ರಕ್ತದ್ರವದೊಂದಿಗೆ ಸೇರಿದಾಗ ಒಂದು ಬಿಳಿ ಗೆರೆ ಕಟ್ಟಿತು. 1965ರಲ್ಲಿ ಅದನ್ನು ಆಸ್ಟ್ರೇಲಿಯಾ ಆಂಟಿಜೆನ್ ಎಂದು ಕರೆದರು. ಕೆಲವೇ ವರ್ಷಗಳಲ್ಲಿ ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈ ಎಂದು ತಿಳಿಯಿತು. 1976ರಲ್ಲಿ ಅವನಿಗೆ ನೊಬೆಲ್ ಬಂತು. ಇದೇ ಬ್ಲಂಬರ್ಗ್ ಮದರಾಸಿನ ಸಂಶೋಧಕರ ಜೊತೆಗೂಡಿ ನಮ್ಮ ನೆಲನೆಲ್ಲಿಯನ್ನೂ ಪರೀಕ್ಷಿಸಿದ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆಶಾದಾಯಕ ಫಲಿತಾಂಶ ಬಂತು, ಮುಂದಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಅಜ್ಜಿಯ ಮದ್ದನ್ನು ನೊಬೆಲ್ ಪಡೆದವನೊಬ್ಬ ಗಂಭೀರವಾಗಿ ತೆಗೆದುಕೊಂಡನೆಂಬ ಸಮಾಧಾನ ಮಾತ್ರ ನಮಗೆ ಉಳಿಯಿತು.

ಎ ಗೊತ್ತಾಯಿತು, ಬಿ ಗೊತ್ತಾಯಿತು. ಆದರೂ ಬಿ ಇಲ್ಲವೆಂದು ನೋಡಿ ಕೊಟ್ಟ ರಕ್ತದಿಂದಲೂ ಕಾಮಾಲೆ ಬರುತ್ತಲೇ ಇತ್ತು. 1975ರಲ್ಲಿ ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಜೊತೆಗಾರರು ಇದು ಎ ಅಲ್ಲ, ಬಿ ಅಲ್ಲ ಎಂದು ತೋರಿಸಿದರು. ಹೆಸರೂ ಹಾಗೆಯೇ ಉಳಿಯಿತು: ಎ-ಅಲ್ಲದ-ಬಿ-ಅಲ್ಲದ ಹೆಪಟೈಟಿಸ್. ನಾವು ಓದಿದ ಬಿ.ಎಸ್ಸಿ. ಪುಸ್ತಕ ಹಳೆಯ ಆವೃತ್ತಿಯದು. 1990ರ ದಶಕದಲ್ಲಿಯೂ ಅದರಲ್ಲಿ ಇದೇ ಹೆಸರಿತ್ತು. ಕಚೇರಿಯ ಕಡತಗಳಲ್ಲಿ ಇತರೆ ಎಂದು ಬರೆದು ಮುಚ್ಚಿದಂತೆ.

ಅದನ್ನು ಹಿಡಿದದ್ದು 1989ರಲ್ಲಿ ಕ್ಯಾಲಿಫೋರ್ನಿಯಾದ ಕಿರಾನ್ ಕಂಪನಿಯ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೋ ಇವರು, ಮತ್ತು ಅವರಿಗೆ ಸೋಂಕಿತ ಚಿಂಪಾಂಜಿಯ ರಕ್ತ ಒದಗಿಸಿದ ಡೇನಿಯಲ್ ಬ್ರಾಡ್ಲಿ. ವೈರಸ್ಸನ್ನು ಯಾರೂ ಕಣ್ಣಿನಿಂದ ಕಂಡಿರಲಿಲ್ಲ. ಚಿಂಪಾಂಜಿಯ ರಕ್ತದಲ್ಲಿದ್ದ ಆನುವಂಶಿಕ ವಸ್ತುವನ್ನೆಲ್ಲ ತುಣುಕು ತುಣುಕಾಗಿ ಬ್ಯಾಕ್ಟೀರಿಯಾಗಳಲ್ಲಿ ಇರಿಸಿ, ಯಾವ ತುಣುಕು ತಯಾರಿಸಿದ ಪ್ರೋಟೀನಿಗೆ ರೋಗಿಯ ಪ್ರತಿಕಾಯ ಅಂಟಿಕೊಳ್ಳುತ್ತದೆಂದು ಹುಡುಕಿದರು. ಲಕ್ಷಾಂತರ ತುಣುಕುಗಳಲ್ಲಿ ಒಂದಕ್ಕೆ ಅಂಟಿತು. ಕಳ್ಳನ ಮುಖ ಗೊತ್ತಿಲ್ಲದೆ, ಅವನನ್ನು ಕಂಡು ಬೊಗಳುವ ನಾಯಿಯನ್ನು ಹಿಡಿದುಕೊಂಡು ಊರೂರು ಅಲೆದಂತೆ. 2020ರ ನೊಬೆಲ್ ಆಲ್ಟರ್, ಹೌಟನ್, ಚಾರ್ಲ್ಸ್ ರೈಸ್ ಮೂವರಿಗೆ ಹೋಯಿತು. ಚೂ ಮತ್ತು ಕುವೋ ಹೊರಗುಳಿದರು. ಇದೇ ಕಾರಣಕ್ಕೆ ಹೌಟನ್ 2013ರಲ್ಲಿ ಕೆನಡಾದ ಗೇರ್ಡ್ನರ್ ಪ್ರಶಸ್ತಿಯನ್ನು ಬೇಡವೆಂದಿದ್ದ. ಕೆಳಗಿನವರು ಬರೆದ ಟಿಪ್ಪಣಿಗೆ ಮೇಲಿನವರ ಸಹಿ ಬೀಳುವುದನ್ನು ದಿನವೂ ನೋಡುವ ನಮ್ಮಂಥವರಿಗೆ ಈ ಮನುಷ್ಯ ಇಷ್ಟವಾಗುತ್ತಾನೆ.

ಪರೀಕ್ಷೆ ಬಂತು; ಅದು ನಮ್ಮ ರಕ್ತನಿಧಿಗಳಿಗೆ ಬಂದು ಸೇರಲು ಇನ್ನೂ ಹನ್ನೆರಡು ವರ್ಷ. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರಕ್ತ ಮಾರುವ ದಂಧೆಯನ್ನು ನಿಲ್ಲಿಸಬೇಕೆಂದು ತೀರ್ಪಿತ್ತಿತು. 1998ರ ಜನವರಿ 1ರಿಂದ ನಿಷೇಧವಾಯಿತು. ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೆ ಮೊದಲು ರಕ್ತ ಪಡೆದವರು, ಹೆರಿಗೆಯಲ್ಲಿ, ಅಪಘಾತದಲ್ಲಿ, ಆಪರೇಷನ್ನಿನಲ್ಲಿ, ನಮ್ಮ ಓದುಗರ ಮನೆಗಳಲ್ಲಿಯೂ ಇದ್ದಾರೆ. ಈ ವೈರಸ್ಸು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಲಿವರನ್ನು ಸವೆಸುತ್ತದೆ. ಅಂಥವರು ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ಹೈದರಾಬಾದು ಈ ಕಥೆಯೊಳಗೆ ಬರುವುದು ಎರಡು ಸಲ. ರೊನಾಲ್ಡ್ ರಾಸ್ ಸಾಹೇಬರು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಕಂಡದ್ದನ್ನು ಎಲ್ಲರೂ ಹೇಳುತ್ತಾರೆ. ಈ ಎರಡನ್ನು ಹೇಳುವವರು ಕಡಿಮೆ.

ಮೊದಲನೆಯದು ಬಿ ಲಸಿಕೆ. ಅಮೆರಿಕದಲ್ಲಿ ಯೀಸ್ಟಿನಿಂದ ತಯಾರಿಸಿದ ಲಸಿಕೆ 1986ರಲ್ಲಿಯೇ ಬಂದಿತ್ತು, ಆದರೆ ಇಲ್ಲಿ ಒಂದು ಡೋಸಿಗೆ ನೂರಾರು ರೂಪಾಯಿ. ಮೂರು ಡೋಸು ಬೇಕು. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿ ನೋಡಿ. ಎಲೆಕ್ಟ್ರಾನಿಕ್ಸ್ ಇಂಜಿನಿಯರಾಗಿದ್ದ ವರಪ್ರಸಾದ ರೆಡ್ಡಿಯವರು ಜಿನೀವಾದ ಒಂದು ಸಭೆಯಲ್ಲಿ ಈ ಲಸಿಕೆಯ ವಿಷಯ ಕೇಳಿ, ತಂತ್ರಜ್ಞಾನ ಕೊಳ್ಳಲು ಹೋದಾಗ ನಿಮ್ಮ ದೇಶದ ಅಳತೆಗೆ ಇದು ಮೀರಿದ್ದು ಎಂಬ ಧಾಟಿಯ ಉತ್ತರ ಸಿಕ್ಕಿತೆಂದು ಅವರೇ ಅನೇಕ ಕಡೆ ಹೇಳಿಕೊಂಡಿದ್ದಾರೆ. 1993ರಲ್ಲಿ ತಾಯಿಯ ಹೆಸರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಕಟ್ಟಿದರು. ಬ್ಯಾಂಕುಗಳು ಹಿಂದೆಗೆದಾಗ ಓಮಾನಿನ ವಿದೇಶಾಂಗ ಮಂತ್ರಿ ಯೂಸುಫ್ ಬಿನ್ ಅಲಾವಿಯವರಿಂದ ಹಣ ಬಂತು. ಉಸ್ಮಾನಿಯಾ ವಿಶ್ವವಿದ್ಯಾಲಯ, ಹಬ್ಸಿಗುಡದ ಸಿ.ಸಿ.ಎಂ.ಬಿ. ಇವು ಜಾಗ ಕೊಟ್ಟವು, ನೆರವು ಕೊಟ್ಟವು. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟಿನ ದೂರದ ಬಂಧುವೊಂದರೊಳಗೆ ವೈರಸ್ಸಿನ ಹೊರಮೈಯ ಪ್ರೋಟೀನು ತಯಾರಿಸುವ ಜೀನನ್ನು ಸೇರಿಸಿ, ಬ್ಲಂಬರ್ಗ್ ಕಂಡ ಆ ಆಂಟಿಜೆನ್ನನ್ನೇ ಪೀಪಾಯಿಗಳಲ್ಲಿ ಬೆಳೆಸಿದರು. 1997ರ ಆಗಸ್ಟಿನಲ್ಲಿ ಶಾನ್‌ವ್ಯಾಕ್-ಬಿ ಹೊರಬಂತು. ದೇಶದಲ್ಲಿ ಈ ವಿಧಾನದಿಂದ ಆದ ಮೊದಲ ಲಸಿಕೆ ಇದು. ಬೆಲೆ ಐವತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. ಹಿಂದೆಯೇ ಇದೇ ಊರಿನ ಭಾರತ್ ಬಯೋಟೆಕ್ ಕೂಡ ಬಂತು, ಪೈಪೋಟಿ ಹೆಚ್ಚಿತು. ಸರ್ಕಾರ 2002-03ರಲ್ಲಿ ಕೆಲವು ಕಡೆ ಪ್ರಯೋಗಕ್ಕೆಂದು ಆರಂಭಿಸಿ, 2011ರ ಹೊತ್ತಿಗೆ ದೇಶದ ಎಲ್ಲ ಮಕ್ಕಳ ಲಸಿಕೆಯ ಪಟ್ಟಿಗೆ ಇದನ್ನು ಸೇರಿಸಿತು. ಶಾಂತಾ 2009ರಲ್ಲಿ ಫ್ರಾನ್ಸಿನ ಸನೋಫಿಯ ಪಾಲಾಯಿತು. ಅದು ನಮಗೆ ಅಷ್ಟು ಹಿಡಿಸಲಿಲ್ಲ, ಆದರೆ ವ್ಯಾಪಾರ ವ್ಯಾಪಾರವೇ.

ಸಿ ವೈರಸ್ಸಿಗೆ ಲಸಿಕೆ ಇಲ್ಲ. ಅದು ಕ್ಷಣಕ್ಷಣಕ್ಕೂ ವೇಷ ಬದಲಿಸುತ್ತದೆ. ಮೈ ತಯಾರಿಸಿದ ಪ್ರತಿಕಾಯ ಹಳೆಯ ವೇಷವನ್ನು ಹುಡುಕುತ್ತ ನಿಲ್ಲುತ್ತದೆ. 2009ರಲ್ಲಿ ಮಾವನವರಿಗೆ ಇದ್ದ ಔಷಧಿ ಇಂಟರ್‌ಫೆರಾನ್ ಸೂಜಿ, ಜೊತೆಗೆ ರೈಬಾವಿರಿನ್ ಮಾತ್ರೆ. ಇಂಟರ್‌ಫೆರಾನ್ ವೈರಸ್ಸನ್ನು ನೇರವಾಗಿ ಕೊಲ್ಲುವುದಲ್ಲ. ಮೈಯ ಕಾವಲುಗಾರರನ್ನೆಲ್ಲ ಎಬ್ಬಿಸಿ ಕೂಗು ಹಾಕಿಸುವುದು. ಆ ಕೂಗಿಗೆ ಮನುಷ್ಯ ಬೆದರಿಹೋಗುತ್ತಾನೆ. ವಾರಕ್ಕೊಂದು ಸೂಜಿಯಂತೆ 24 ವಾರ. ಒಂದೊಂದರ ಬೆಲೆ ನಮ್ಮ ಆಗಿನ ಸಂಬಳದ ಅರ್ಧಕ್ಕೂ ಮೇಲು. ಸೂಜಿಯಾದ ರಾತ್ರಿ ಚಳಿಜ್ವರ, ಮರುದಿನ ಗೋಡೆ ನೋಡುತ್ತ ಕೂಡುವುದು. ಎಂಥ ನಗೆಗಾರ ಮನುಷ್ಯ, ಮಾತೇ ಬಿಟ್ಟರು. ಮಾನ್ವಿಯ ಹೊಲದಲ್ಲಿ ಎರಡು ಎಕರೆ ಹೋಯಿತು. ಊರಿನಲ್ಲಿ ಅವರ ತಂಬಿಗೆ, ತಾಟು ಬೇರೆಯಾದವು. ಈ ರೋಗ ಎಂಜಲಿನಿಂದ ಬರುವುದಲ್ಲ, ಜೊತೆಗೆ ಉಂಡರೆ ಬರುವುದಲ್ಲ ಎಂದು ಎಷ್ಟು ಹೇಳಿದರೂ ಅತ್ತೆಯವರ ಹೊರತು ಯಾರೂ ನಂಬಲಿಲ್ಲ. ಸೂಜಿ ಮುಗಿದಾಗ ವೈರಸ್ಸು ಕಾಣಲಿಲ್ಲ. ಆರು ತಿಂಗಳಿಗೆ ಮರಳಿ ಬಂತು.

ಎರಡನೆಯ ಸಲ ಹೈದರಾಬಾದಿನ ಹೆಸರು ಬಂದದ್ದು ಆಗ. ಅಮೆರಿಕದಲ್ಲಿ 2013ರ ಡಿಸೆಂಬರಿನಲ್ಲಿ ಸೊಫೋಸ್‌ಬುವಿರ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ವೈರಸ್ಸು ತನ್ನ ನಕಲು ತೆಗೆಯುವ ಯಂತ್ರದೊಳಗೆ ಇದು ಕಲ್ಲಿನಂತೆ ಸಿಕ್ಕಿಕೊಳ್ಳುತ್ತದೆ. ಗಿಲಿಯಡ್ ಕಂಪನಿ ಇಟ್ಟ ಬೆಲೆ ಮಾತ್ರೆಗೆ 1000 ಡಾಲರು, 12 ವಾರಕ್ಕೆ 84,000. ಕೇಳಿ ಮಾವನವರು ನಕ್ಕರು, ಬಹಳ ದಿನದ ಮೇಲೆ. 2014ರ ಸೆಪ್ಟೆಂಬರಿನಲ್ಲಿ ಗಿಲಿಯಡ್ ಏಳು ಭಾರತೀಯ ಕಂಪನಿಗಳಿಗೆ ಅನುಮತಿ ಕೊಟ್ಟಿತು. ಅವುಗಳಲ್ಲಿ ನಮ್ಮೂರಿನ ಹೆಟೆರೊ ಒಂದು. ಇಲ್ಲಿಯದೇ ಆದ ನ್ಯಾಟ್ಕೊ ಆ ಪಟ್ಟಿಯಲ್ಲಿರಲಿಲ್ಲ. ಅದು ಪೇಟೆಂಟಿಗೇ ತಕರಾರು ಹಾಕಿತ್ತು. 2015ರ ಜನವರಿಯಲ್ಲಿ ದೆಹಲಿಯ ಪೇಟೆಂಟ್ ಕಚೇರಿ ಗಿಲಿಯಡ್‌ನ ಒಂದು ಅರ್ಜಿಯನ್ನು ತಳ್ಳಿಹಾಕಿತು. ಮಾರ್ಚಿನಲ್ಲಿ ನ್ಯಾಟ್ಕೊ ಕೂಡ ಅನುಮತಿಗೆ ಸಹಿ ಹಾಕಿ ಮಾತ್ರೆ ಹೊರತಂದಿತು. ವಿಷಯ ಕೋರ್ಟಿಗೆ ಹೋಗಿ ಹಿಂದಿರುಗಿ 2016ರಲ್ಲಿ ಗಿಲಿಯಡ್‌ಗೆ ಪೇಟೆಂಟು ಸಿಕ್ಕಿತು, ಆದರೆ ಅಷ್ಟರಲ್ಲಿ ಬೆಲೆ ನೆಲಕ್ಕೆ ಬಂದಾಗಿತ್ತು. 28 ಮಾತ್ರೆಯ ಡಬ್ಬಿ 19,900 ರೂಪಾಯಿಯಿಂದ ಆರಂಭವಾಗಿ ಇನ್ನೂ ಕೆಳಗಿಳಿಯಿತು. ನಮ್ಮ ಮೇಜಿಗೆ ಬರುತ್ತಿದ್ದ ಬಿಲ್ಲುಗಳಲ್ಲಿ ಲಕ್ಷದ ಅಂಕಿಗಳು ಒಂದೇ ವರ್ಷದಲ್ಲಿ ಮಾಯವಾದುದನ್ನು ನಾವು ಕಣ್ಣಾರೆ ಕಂಡೆವು.

2016ರ ಮೊದಲಲ್ಲಿ ಮಾವನವರಿಗೆ ಸೊಫೋಸ್‌ಬುವಿರ್ ಜೊತೆಗೆ ಡಕ್ಲಟಾಸ್ವಿರ್, 12 ವಾರ. ತಿಂಗಳಿಗೊಮ್ಮೆ ರಾಯಚೂರಿನಿಂದ ಬಂದು ಹೋಗುತ್ತಿದ್ದರು. ಆಸ್ಪತ್ರೆಯ ಬೆಂಚಿನಲ್ಲಿ ಮಣಿಪುರದ ಒಬ್ಬ ಯುವಕ ಸಿಗುತ್ತಿದ್ದ. ಅಣ್ಣನಿಗೆ ಗಚ್ಚಿಬೌಲಿಯಲ್ಲಿ ಕೆಲಸ, ಅವನ ಮನೆಯಲ್ಲಿದ್ದು ಔಷಧಿ ಪಡೆಯುತ್ತಿದ್ದ. ಗಡಿಯಾಚೆಯಿಂದ ಬರುವ ಹೆರಾಯಿನ್ 1980ರ ದಶಕದಿಂದ ಆ ರಾಜ್ಯದ ಎಷ್ಟೋ ಮನೆಗಳನ್ನು ತಿಂದಿದೆ. ಒಂದೇ ಸೂಜಿಯನ್ನು ಹಲವರು ಹಂಚಿಕೊಂಡದ್ದರಿಂದ ಸಿ ವೈರಸ್ಸು ಅಲ್ಲಿ ಹರಡಿತು. ಈ ಹುಡುಗ ಸೂಜಿ ಬಿಟ್ಟು, ದಿನಾ ನಾಲಿಗೆಯ ಕೆಳಗೆ ಬುಪ್ರೆನಾರ್ಫಿನ್ ಮಾತ್ರೆ ಇಟ್ಟುಕೊಳ್ಳುವ ಚಿಕಿತ್ಸೆಯಲ್ಲಿದ್ದ. ಅದೂ ಅಫೀಮಿನ ವರ್ಗಕ್ಕೇ ಸೇರಿದ್ದು, ಆದರೆ ಅಮಲೇರಿಸದೆ ಹಂಬಲವನ್ನು ತಡೆಯುತ್ತದೆ. 2007ರ ನಂತರ ಸರ್ಕಾರದ ಏಡ್ಸ್ ನಿಯಂತ್ರಣದವರೇ ಇದನ್ನು ತಮ್ಮ ಕಾರ್ಯಕ್ರಮದಲ್ಲಿ ಸೇರಿಸಿಕೊಂಡರು.

ಇಂಥವರಿಗೆ ಲಿವರಿನ ಔಷಧಿ ಕೊಡಬೇಕೇ ಎಂಬುದು ಒಂದು ಕಾಲದಲ್ಲಿ ದೊಡ್ಡ ಚರ್ಚೆ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಅಮಲು ಬಿಟ್ಟು ಆರು ತಿಂಗಳಾಗುವವರೆಗೆ ಬೇಡ ಎಂದಿತು. 2002ರಲ್ಲಿ ಆ ಮಾತನ್ನು ಸಡಿಲಿಸಿತು. ಅಫೀಮಿನ ವರ್ಗದ ವಸ್ತುಗಳು ಬಿಳಿರಕ್ತಕಣಗಳ ಚುರುಕನ್ನು ಕುಗ್ಗಿಸುವುದು ಪ್ರಯೋಗಶಾಲೆಗಳಲ್ಲಿ ಕಂಡಿತ್ತು. ಕಾವಲುಗಾರರೇ ತೂಕಡಿಸುತ್ತಿದ್ದರೆ ಇಂಟರ್‌ಫೆರಾನ್ ಕೂಗಿ ಏನು ಫಲ ಎಂಬ ಅನುಮಾನ ಸಹಜ. ಹೊಸ ಮಾತ್ರೆಗಳು ಈ ಚರ್ಚೆಯನ್ನೇ ಬದಲಿಸಿದವು. ಅವು ಕಾವಲುಗಾರರನ್ನು ನೆಚ್ಚಿಲ್ಲ, ನೇರವಾಗಿ ವೈರಸ್ಸಿಗೇ ಕೈಹಾಕುತ್ತವೆ. ಬದಲಿ ಚಿಕಿತ್ಸೆಯಲ್ಲಿರುವವರೂ ಹೆಚ್ಚುಕಡಿಮೆ ಇತರರಷ್ಟೇ ಗುಣವಾಗುತ್ತಾರೆಂದು ಹಲವು ದೇಶಗಳಲ್ಲಿ ಕಂಡುಬಂದಿದೆ. 2018ರ ಜುಲೈ 28ರಂದು, ಅಂದರೆ ಬ್ಲಂಬರ್ಗ್ ಹುಟ್ಟಿದ ತಾರೀಖಿನಂದೇ, ನಮ್ಮ ದೇಶದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಈ ಔಷಧಿಯನ್ನು ಉಚಿತಗೊಳಿಸಿತು.

ಮೊದಲ ತಿಂಗಳು ಮಾವನವರು ಆ ಹುಡುಗನಿಂದ ದೂರ ಸರಿದು ಕುಳಿತರು. ಕೌಂಟರಿನವನ ಮಾತು ಏಳು ವರ್ಷವಾದರೂ ಮರೆತಿರಲಿಲ್ಲ. ಎರಡನೆಯ ತಿಂಗಳು ಇಬ್ಬರ ಚೀಟಿಯಲ್ಲಿಯೂ ಒಂದೇ ಮಾತ್ರೆಗಳ ಹೆಸರಿರುವುದನ್ನು ಮೇಷ್ಟರ ಕಣ್ಣು ಗುರುತಿಸಿತು. ಮೂರನೆಯ ತಿಂಗಳು ಹೊತ್ತು ಮೀರಿತ್ತು, ಡಾಕ್ಟರರು ಬಂದಿರಲಿಲ್ಲ. ರೊಟ್ಟಿಯ ಗಂಟು ಬಿಚ್ಚಿ, ಹರಕು ಮುರಕು ಹಿಂದಿಯಲ್ಲಿ ಕರೆದು, ಅರ್ಧ ಮುರಿದು ಅವನ ಕೈಗಿಟ್ಟರು. ಶೇಂಗಾ ಚಟ್ನಿಯ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ನಾವು ನೀರು ತಂದುಕೊಟ್ಟೆವು.

ಇಬ್ಬರಿಗೂ ವಾಸಿಯಾಯಿತು. ಮುಂದಿನ ವರ್ಷ ಊರಿನ ಶಿಬಿರವೊಂದರಲ್ಲಿ ಮಾವನವರ ರಕ್ತ ತೆಗೆದುಕೊಂಡು ಮತ್ತೆ ಪಾಸಿಟಿವ್ ಎಂದು ಚೀಟಿ ಕೊಟ್ಟರು. ರಾತ್ರಿಯೇ ಫೋನು ಬಂತು.

"ಏನೋ ತಮ್ಮಾ, ಇದು ಹೋಗ್ಯದ ಅಂದಿದ್ರಲ್ಲ, ಮತ್ತ ಬಂದದಲ್ಲೋ!"

ಪ್ರತಿಕಾಯದ ಪರೀಕ್ಷೆ ಅದು. ವೈರಸ್ಸು ಹೋದರೂ ಪ್ರತಿಕಾಯ ರಕ್ತದಲ್ಲಿ ಉಳಿದುಬಿಡುತ್ತದೆ, ಬಹುಮಟ್ಟಿಗೆ ಬದುಕಿರುವವರೆಗೆ. ನೂರರಲ್ಲಿ ಇಪ್ಪತ್ತು ಮೂವತ್ತು ಜನರಿಗೆ ಔಷಧಿಯೇ ಇಲ್ಲದೆ ವೈರಸ್ಸು ಹೋಗಿರುತ್ತದೆ, ಅವರ ಚೀಟಿಯೂ ಹೀಗೆಯೇ ಬರುತ್ತದೆ. ವೈರಸ್ಸು ಇದೆಯೋ ಇಲ್ಲವೋ ಎಂದು ತಿಳಿಯಲು ಅದರ ಆರ್.ಎನ್.ಎ. ಎಣಿಸುವ ಪರೀಕ್ಷೆ ಬೇರೆ. ಇಷ್ಟನ್ನೂ ಫೋನಿನಲ್ಲಿ ಹೇಳುವ ಹೊತ್ತಿಗೆ ಅರ್ಧ ಗಂಟೆಯಾಯಿತು. ಮರುವಾರ ಆರ್.ಎನ್.ಎ. ಪರೀಕ್ಷೆ ಮಾಡಿಸಿದೆವು; ಏನೂ ಇರಲಿಲ್ಲ. ಮಾವನವರು ಆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಹೊಲದ ಪಹಣಿಯ ಜೊತೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ತಂಬಿಗೆ, ತಾಟು ಈಗ ಎಲ್ಲರವುಗಳ ಜೊತೆಗೇ ಇವೆ.